ಫರಸಿಯ ಅಡಿಯಲ್ಲಿ ಏನಿದೆ?

ಶಹಾಬಾದಿನ ಫರಸಿ ಹಾಸದ ಮನೆ ಕಲಬುರಗಿ ಸೀಮೆಯಲ್ಲಿ ಅಪರೂಪ. ವಾಡಿ, ಸೇಡಂ, ಮಳಖೇಡದ ಸಿಮೆಂಟ್ ಕಾರ್ಖಾನೆಗಳಿಗೂ ಇದೇ ಸುಣ್ಣಕಲ್ಲೇ ಆಧಾರ. ಗಣಿಯಲ್ಲಿ ಪದರು ಪದರಾಗಿ ಏಳುವ ಈ ಗಟ್ಟಿ ಕಲ್ಲು ನೀರಿಗೆ ಮಾತ್ರ ಸೋಲುತ್ತದೆ. ಸೀಳುಗಳಲ್ಲಿ ಇಳಿದ ಮಳೆನೀರು ಸುಣ್ಣವನ್ನು ನಿಧಾನವಾಗಿ ಕರಗಿಸಿ ಬಿರುಕನ್ನು ಅಗಲ ಮಾಡುತ್ತದೆ, ಅಲ್ಲಲ್ಲಿ ಪೊಳ್ಳು ಉಳಿಸುತ್ತದೆ. ಒಂದು ಹೊಲದ ಬೋರ್‌ನಲ್ಲಿ ನೀರು ಉಕ್ಕಿ, ಬದುವಿನಾಚೆಯ ಬೋರ್‌ನಲ್ಲಿ ಬರೀ ದೂಳು ಏಳುವುದು ಇದರಿಂದಲೇ.

ಕೊರೆಯುವ ಮೊದಲೇ ಈ ಬಿರುಕುಗಳ ಸುಳಿವು ಹಿಡಿಯಲು ವಿದ್ಯುತ್ ರೋಧ ಸಮೀಕ್ಷೆ ನೆರವಾಗುತ್ತದೆ. ಫ್ರಾನ್ಸಿನ ಕಾನ್ರಾಡ್ ಶ್ಲುಂಬರ್ಜೆ 1912ರಲ್ಲಿ ಇದರ ಪ್ರಯೋಗ ನಡೆಸಿದ. ನಾಲ್ಕು ಲೋಹದ ಗೂಟಗಳನ್ನು ಒಂದೇ ಸಾಲಿನಲ್ಲಿ ನೆಟ್ಟು, ಹೊರಗಿನ ಎರಡರಿಂದ ನೆಲಕ್ಕೆ ಕರೆಂಟು ಹರಿಸಿ, ಒಳಗಿನ ಎರಡರ ನಡುವಿನ ವೋಲ್ಟೇಜ್ ಅಳೆಯುತ್ತಾರೆ. ಹೊರಗಿನ ಗೂಟಗಳನ್ನು ದೂರ ಸರಿಸಿದಷ್ಟೂ ಕರೆಂಟು ಆಳಕ್ಕೆ ಇಳಿಯುತ್ತದೆ. ಬೇಸಿಗೆಯ ಒಣನೆಲದಲ್ಲಿ ಗೂಟದ ಬುಡಕ್ಕೆ ಉಪ್ಪುನೀರು ಸುರಿಯುವುದೂ ಉಂಟು.

ಬಿರುಕಿಲ್ಲದ ಸುಣ್ಣಕಲ್ಲು ಕರೆಂಟನ್ನು ಬಲವಾಗಿ ತಡೆಯುತ್ತದೆ. ನೀರು ತುಂಬಿದ ಬಿರುಕಿನಲ್ಲಿ ಅದು ಸಲೀಸಾಗಿ ಹರಿಯುತ್ತದೆ. ತೊಡಕು ಇರುವುದು ಇಲ್ಲೇ. ಜೇಡಿಮಣ್ಣು ತುಂಬಿದ ಬಿರುಕೂ ನೀರಿನಂತೆಯೇ ಕಡಿಮೆ ರೋಧ ತೋರಿಸುತ್ತದೆ. ಗಾಳಿ ತುಂಬಿದ ಒಣ ಪೊಳ್ಳು ಗಟ್ಟಿ ಬಂಡೆಯಂತೆ ಹೆಚ್ಚು ರೋಧ ತೋರಿಸುತ್ತದೆ. ಚಿಂಚೋಳಿಯತ್ತ ಹೋದರೆ ನೆಲವೇ ಬೇರೆ: ಲಾವಾ ಹೆಪ್ಪುಗಟ್ಟಿ ಆದ ಕರಿಕಲ್ಲು, ಅದರ ಮೇಲೆ ಅಲ್ಲಲ್ಲಿ ಜಂಬಿಟ್ಟಿಗೆ. ಶಹಾಬಾದಿನ ಲೆಕ್ಕ ಅಲ್ಲಿ ನಡೆಯದು.

ನದಿಯ ಅಡಿಯಲ್ಲಿ ಸುರಂಗ ತೆಗೆಯುವುದಾದರೆ ಈ ಪರೀಕ್ಷೆಯ ಬೆಲೆ ಇನ್ನೂ ಹೆಚ್ಚು. ಕಾಗಿಣಾ ನದಿಯ ಕೆಳಗೆ ಅಂಥ ಕೆಲಸ ನಡೆಯುತ್ತಿದೆ ಎಂದುಕೊಳ್ಳಿ. ಕೊರೆಯುವ ಯಂತ್ರ ದೊಡ್ಡ ಬಿರುಕೊಂದಕ್ಕೆ ತಗುಲಿದರೆ ನದಿಯ ನೀರೇ ಒಳಗೆ ನುಗ್ಗಬಹುದು. ಇಂಥ ಕಡೆ ಗೂಟಗಳ ಬದಲು, ಎಲೆಕ್ಟ್ರೋಡ್‌ಗಳನ್ನು ಜೋಡಿಸಿದ ಕೇಬಲನ್ನು ನದಿಯ ತಳದಲ್ಲಿ ಹಾಸುತ್ತಾರೆ. ಕರೆಂಟಿನ ಒಂದು ಪಾಲು ಬಂಡೆಗೆ ಇಳಿಯದೆ ನೀರಿನಲ್ಲೇ ಹರಿದುಹೋಗುವುದರಿಂದ, ನೀರಿನ ಆಳ ಮತ್ತು ಅದರ ರೋಧ ಎರಡನ್ನೂ ಅಳೆದು ಲೆಕ್ಕಕ್ಕೆ ಸೇರಿಸಬೇಕು. ನೀರು ಉಪ್ಪಾದಷ್ಟೂ ಕಷ್ಟ ಹೆಚ್ಚು.

ಸ್ವೀಡನ್ನಿನ ಏಸ್ಪೊ ಪ್ರಯೋಗಾಲಯದಲ್ಲಿ ಸಂಶೋಧಕರು ಈ ಕಷ್ಟವನ್ನೇ ಎದುರಿಸಿದರು. ಸಮುದ್ರದ ಅಡಿಯಲ್ಲಿ ಮೊದಲೇ ಕೊರೆದಿದ್ದ ಸುರಂಗದ ಮೇಲ್ಭಾಗದಲ್ಲಿ, ನೀರಿನ ತಳದಿಂದ ವಿದ್ಯುತ್ ಪರೀಕ್ಷೆಯನ್ನೂ ಕಂಪನ ಅಲೆಗಳ ಪರೀಕ್ಷೆಯನ್ನೂ ನಡೆಸಿ, 2017ರಲ್ಲಿ ಫಲಿತಾಂಶ ಪ್ರಕಟಿಸಿದರು. ಬಂಡೆಯ ಒಳಗಿನ ಸಂಗತಿ ಸುರಂಗದಿಂದ ಗೊತ್ತಿದ್ದುದರಿಂದ, ಮೇಲಿನ ಅಳತೆಯನ್ನು ಅದರೊಂದಿಗೆ ಹೋಲಿಸಿ ನೋಡಲು ಸಾಧ್ಯವಾಯಿತು.

ನಮ್ಮ ರೈತರ ಬೋರ್‌ಗಳಿಂದಲೂ ಅಂಥದೇ ಉಪಯೋಗವಿದೆ. ಎಷ್ಟು ಅಡಿಗೆ ಯಾವ ಕಲ್ಲು ಬಂತು, ಎಲ್ಲಿ ನೀರು ಸಿಕ್ಕಿತು, ಎಲ್ಲಿ ಜೇಡಿ ಬಂತು ಎಂಬ ವಿವರ ಕೈಯಲ್ಲಿದ್ದರೆ ಮೀಟರಿನ ಅಂಕಿಗೆ ಅರ್ಥ ಸಿಗುತ್ತದೆ. ನೀರು ಬಾರದ ಬೋರ್‌ನ ದಾಖಲೆಯೂ ಮುಂದಿನವರ ಸಾಲ ಉಳಿಸಬಲ್ಲದು. ಆದ್ದರಿಂದ ಬೋರ್ ಹಾಕಿಸುವವರು ಪಾಯಿಂಟ್ ಕೇಳಿ ಸುಮ್ಮನಾಗದೆ ಸಮೀಕ್ಷೆಯ ವರದಿಯನ್ನು ಕೇಳಿ ಪಡೆಯಬೇಕು, ಕೊರೆದ ವಿವರವನ್ನು ಬರೆದಿಡಬೇಕು. ಆ ದಾಖಲೆಗಳನ್ನು ಊರಿಗೆಲ್ಲ ಸಿಗುವಂತೆ ಕಾಪಾಡುವ ಹೊಣೆಯನ್ನು ಗ್ರಾಮ ಪಂಚಾಯಿತಿಗಳು ಹೊರಬೇಕು.