ಸೈನಿಕ ಚಿಕಿತ್ಸಾಲಯದ ಋಣ

ರೋಗಶೇಷವನ್ನೂ ಋಣಶೇಷವನ್ನೂ ಉಳಿಸಬಾರದೆಂಬುದು ನಮ್ಮ ಹಿರಿಯರ ಮತ. ಆದರೆ ರೋಗವು ಗುಣವಾದೊಡನೆ ಋಣವು ತಲೆಯೆತ್ತಿದರೆ ಬಡ ಗೃಹಸ್ಥನು ಮಾಡುವುದೇನು? ಅಮೆರಿಕಾ ದೇಶದ ಸೈನಿಕ ಆಸ್ಪತ್ರೆಗಳಲ್ಲಿ ಈ ಪ್ರಶ್ನೆಯು ಅನೇಕ ಕುಟುಂಬಗಳನ್ನು ಬಾಧಿಸಿದೆ.

ಟೆಕ್ಸಾಸ್ ಪ್ರಾಂತದ ಸ್ಯಾನ್ ಆಂಟೋನಿಯೋ ನಗರದಲ್ಲಿ ಬ್ರೂಕ್ ಸೈನಿಕ ವೈದ್ಯಕೇಂದ್ರವೆಂಬುದೊಂದುಂಟು. ಅಪಘಾತದಲ್ಲಿ ಗಾಯಗೊಂಡ ಸಾಮಾನ್ಯ ಪ್ರಜೆಗಳನ್ನೂ ಅಲ್ಲಿಗೆ ಒಯ್ಯುವರು. ಇದರಿಂದ ಗಾಯಾಳುವಿಗೆ ಪ್ರಾಣರಕ್ಷೆ. ಸೇನೆಯ ಶಸ್ತ್ರವೈದ್ಯರಿಗೆ ಯುದ್ಧಕಾಲಕ್ಕೆ ಬೇಕಾದ ಅಭ್ಯಾಸ. ಪ್ರಜ್ಞೆ ತಪ್ಪಿದವನು ಆಸ್ಪತ್ರೆಯನ್ನು ಆರಿಸಿಕೊಳ್ಳಲಾರನಷ್ಟೆ. ಆದರೂ ವೆಚ್ಚದ ಪಟ್ಟಿಯು ಅವನ ಹೆಸರಿಗೇ ಬರುವುದು.

ಆ ಬಾಕಿಯು ವರ್ತಕನ ಸಾಲದಂತಲ್ಲ. ಅದು ಸರ್ಕಾರದ ಸಾಲ. 2014ರ ಶಾಸನದಂತೆ, ಗಡುವು ಮೀರಿ 120 ದಿನಗಳಾದ ಬಾಕಿಯನ್ನು ಬೊಕ್ಕಸದ ಇಲಾಖೆಗೆ ತಿಳಿಸಬೇಕು. ಆ ಇಲಾಖೆಯು ವಸೂಲಿಯ ಖರ್ಚನ್ನು ಮೇಲೆ ಸೇರಿಸಬಹುದು. ಹಿಂದಕ್ಕೆ ಬರಬೇಕಾದ ತೆರಿಗೆಯ ಹಣವನ್ನು ಮುರಿದುಕೊಳ್ಳಬಹುದು. ಕೈಗೆ ಬರುವ ಸಂಬಳದಲ್ಲಿ ನೂರಕ್ಕೆ 15ರವರೆಗೆ ಹಿಡಿಸಲೂಬಹುದು.

2022ನೆಯ ಇಸವಿಯ ಡಿಸೆಂಬರಿನಲ್ಲಾದ ಶಾಸನವು ಈ ಕಾಠಿಣ್ಯವನ್ನು ತಗ್ಗಿಸಿತು. ಹಣದ ಸಂಕಟಕ್ಕೆ ಸಿಲುಕುವ ಪ್ರಜೆಯ ಶುಲ್ಕವನ್ನು ಅವನ ಶಕ್ತಿಗೆ ತಕ್ಕಂತೆ ಇಳಿಸಬೇಕೆಂದು ಅದು ವಿಧಿಸಿತು. ಮನ್ನಾ ಮಾಡುವುದಕ್ಕೂ ಅವಕಾಶವಿತ್ತಿತು. ಆದರೆ ರೋಗಿಯು ತನ್ನ ವರಮಾನವನ್ನು ತಿಳಿಸಿ ಅರ್ಜಿಯನ್ನು ಸಲ್ಲಿಸಬೇಕು.

ಕೊಡಬಲ್ಲವನಿಂದ ಕೊಳ್ಳುವುದು ನ್ಯಾಯವೇ ಸರಿ. ಕೊಡಲಾರದವನನ್ನು ವಿಚಾರಿಸದೆ ಪೀಡಿಸುವುದು ಚಿಕಿತ್ಸೆಯ ಪುಣ್ಯವನ್ನೇ ಕಳೆದಂತೆ. ವಾಚಕರಲ್ಲಿ ಕೆಲವರ ಮಕ್ಕಳು ಆ ದೇಶದಲ್ಲಿರಬಹುದು. ಆಸ್ಪತ್ರೆಯ ಕಾಗದವನ್ನು ಗೂಡಿನಲ್ಲಿಟ್ಟು ಮರೆಯದೆ, ಗಡುವಿನೊಳಗೆ ತಮ್ಮ ಸ್ಥಿತಿಯನ್ನು ಅರಿಕೆ ಮಾಡಿಕೊಳ್ಳುವಂತೆ ಅವರಿಗೆ ಬರೆದು ತಿಳಿಸಿರಿ.