ಕೊಟ್ಟಿಗೆಗೆ ಒಂಟಿ ವೈರು ಎಳೆದಿದ್ದೆ

ನಮ್ಮ ತೋಟದ ಮನೆಯ ಮೀಟರ್‌ನಲ್ಲಿ ಒಂದು ಪುಟ್ಟ ಕೆಂಪು ದೀಪ ಹತ್ತು ತಿಂಗಳು ಉರೀತಾನೇ ಇತ್ತು. ಅದರ ಪಕ್ಕದಲ್ಲಿ ಇಂಗ್ಲಿಷಿನಲ್ಲಿ ‘ಅರ್ತ್’ ಅಂತ ಬರೆದಿತ್ತು. ಮಿಣುಕುವ ದೀಪ ಬೇರೆ ಒಂದು ಇದೆಯಲ್ಲ, ಇದೂ ಅಂಥದ್ದೇ ಏನೋ ಅಂದುಕೊಂಡು ಸುಮ್ಮನಿದ್ದೆ. ಹನ್ನೊಂದನೇ ತಿಂಗಳಲ್ಲಿ ನಮ್ಮ ಎಚ್.ಎಫ್. ಹಸು ಕರೆಂಟು ಹೊಡೆದು ಸತ್ತುಹೋಯ್ತು. ಎರಡನೇ ಸೂಲಿನ ಹಸು, ದಿನಕ್ಕೆ ಹದಿನಾಲ್ಕು ಲೀಟರ್ ಕೊಡ್ತಿತ್ತು.

ತಪ್ಪು ಕಂಪನಿಯದ್ದಲ್ಲ, ಲೈನಿನದ್ದೂ ಅಲ್ಲ. ಮಾಡಿದ್ದು ನಾನೇ. ಇದೇ ಕೆಲಸವನ್ನು ನಮ್ಮ ಸುತ್ತಮುತ್ತಲ ತೋಟಗಳಲ್ಲಿ ಇನ್ನೂ ಮಾಡ್ತಿದ್ದಾರೆ, ಅದಕ್ಕೇ ಬರೀತಿದ್ದೇನೆ.

ಕೊಟ್ಟಿಗೆ ನಮ್ಮ ಮನೆಯಿಂದ ಇನ್ನೂರು ಅಡಿ ದೂರ. ಒಂದು ಎಚ್.ಪಿ.ಯ ಮೇವು ಕತ್ತರಿಸುವ ಮಷಿನ್ ತಂದಿದ್ದೆ. ಮನೆ ವೈರಿಂಗ್‌ನಲ್ಲಿ ಉಳಿದ ಒಂದು ಸುರುಳಿ ಕೆಂಪು ವೈರು ಇತ್ತು, ಕೊಟ್ಟಿಗೆಗೆ ಎಳೆದರೆ ಒಂದೇ ಎಳೆಗೆ ಸಾಕಾಗೋದು. ಊರಲ್ಲಿ ಅಲ್ಲಿ ಇಲ್ಲಿ ವೈರಿಂಗ್ ಮಾಡೋ ಗೆಳೆಯ ಹೇಳಿದ: “ಫೇಸ್ ಒಂದು ಎಳ್ಕೊ ಸಾಕು ಗುರೂ. ನ್ಯೂಟ್ರಲ್‌ಗೆ ಅಲ್ಲೇ ಒಂದು ಪೈಪ್ ಹೊಡಿ. ಬೋರ್‌ವೆಲ್ ಹತ್ರ ಎಲ್ರೂ ಹಂಗೇ ಮಾಡೋದು.” ಸುಮಾರು ಎರಡು ಸಾವಿರ ರೂಪಾಯಿಯ ವೈರು ಉಳೀತು. ನಾಲ್ಕಡಿ ಪೈಪು ಹೊಡೆದು ಕನೆಕ್ಷನ್ ಕೊಟ್ಟೆ.

ಮೊದಲ ದಿನ ಮನೆಯ ಬೋರ್ಡಿನಲ್ಲಿದ್ದ ಆರ್.ಸಿ.ಸಿ.ಬಿ. ಟಪ್ ಅಂತ ಬಿತ್ತು. ಎತ್ತಿದೆ, ಮತ್ತೆ ಬಿತ್ತು. “ಅದು ಸರಿ ಇಲ್ಲ, ತೆಗೆದು ಡೈರೆಕ್ಟ್ ಕೊಡು” ಅಂದ. ಡೈರೆಕ್ಟ್ ಕೊಟ್ಟೆವು. ಬೇಸಿಗೆ ಬಂತು, ಮೋಟಾರು ಗುಂಯ್ ಅಂತ ಮೂಲುಗುತ್ತೇ ಹೊರತು ಜೋರಾಗಿ ತಿರುಗಲ್ಲ. ಪೈಪಿನ ಬುಡಕ್ಕೆ ಎರಡು ಕೊಡ ನೀರು ಹುಯ್ದೆ, ಸರಾಗ ತಿರುಗಿತು! ಆಮೇಲೆ ಅದೇ ಅಭ್ಯಾಸ ಆಯ್ತು. ಮೇವು ಕತ್ತರಿಸುವ ಮುಂಚೆ ಪೈಪಿಗೆ ನೀರು. ಆವತ್ತು ಹಸು ಗೊಂತಿನಿಂದ ಬಿಚ್ಚಿಕೊಂಡು ಬಂದು ಆ ಒದ್ದೆ ಜಾಗದಲ್ಲೇ ನಿಂತಿತ್ತು, ಕೊರಳ ಸರಪಳಿ ಪೈಪಿಗೆ ತಗುಲಿತ್ತು. ನಾನು ಒಳಗೆ ಸ್ವಿಚ್ ಹಾಕಿದೆ.

ನಮ್ಮ ಭಾಗದ ಲೈನ್‌ಮ್ಯಾನ್ ಅಣ್ಣ ಬಂದವರು ಮೊದಲು ಕೊಟ್ಟಿಗೆಗೆ ಹೋಗಲಿಲ್ಲ. ಮೀಟರ್ ಮುಂದೆ ನಿಂತು, “ಈ ದೀಪ ಎಷ್ಟು ದಿನದಿಂದ ಉರೀತಿದೆ?” ಅಂತ ಕೇಳಿದರು.

ಅವರು ಹೇಳಿದ್ದನ್ನು ನನಗೆ ಅರ್ಥವಾದ ಹಾಗೆ ಹೇಳ್ತೀನಿ. ಫೇಸ್‌ನಲ್ಲಿ ಮೀಟರ್ ದಾಟಿ ಹೊರಗೆ ಹೋದ ಕರೆಂಟು ಕೆಲಸ ಮುಗಿಸಿ ನ್ಯೂಟ್ರಲ್‌ನಲ್ಲಿ ಅದೇ ಮೀಟರ್ ಮೂಲಕ ವಾಪಸ್ ಬರಬೇಕು. ಈಗಿನ ಎಲೆಕ್ಟ್ರಾನಿಕ್ ಮೀಟರ್ ಹೋಗುವುದನ್ನೂ ಬರುವುದನ್ನೂ ಬೇರೆ ಬೇರೆ ಅಳೆಯುತ್ತೆ. ಎರಡೂ ಸಮ ಇಲ್ಲ ಅಂದರೆ ಕರೆಂಟು ಬೇರೆ ಎಲ್ಲೋ ಇಳೀತಿದೆ ಅಂತ ಅರ್ಥ, ಆ ದೀಪ ಹತ್ತುತ್ತೆ. ಆರ್.ಸಿ.ಸಿ.ಬಿ. ನೋಡುವುದೂ ಇದನ್ನೇ. ಮನುಷ್ಯರ ರಕ್ಷಣೆಗೆ ಹಾಕುವುದು 30 ಮಿಲಿ ಆಂಪಿಯರ್‌ನದು, ಅಷ್ಟು ವ್ಯತ್ಯಾಸ ಬಂದರೆ ಬೀಳುತ್ತೆ. ನಮ್ಮಲ್ಲಿ ವ್ಯತ್ಯಾಸ ಐದು ಆಂಪಿಯರ್ ಇತ್ತು. ಬೀಳದೆ ಇನ್ನೇನು ಮಾಡೀತು? ಸರಿಯಾಗಿ ಕೆಲಸ ಮಾಡುತ್ತಿದ್ದ ಒಂದೇ ಒಂದು ಸಾಮಾನನ್ನು ನಾವೇ ಕಿತ್ತು ಹಾಕಿದ್ದೆವು.

ಲೆಕ್ಕ ನೋಡಿ. ಗುಂಡಿಯಿಲ್ಲದೆ ಸುಮ್ಮನೆ ಹೊಡೆದ ಪೈಪಿಗೆ ಹದಿನೈದು ಓಮ್ ತಡೆ ಇತ್ತು ಅಂತ ಇಟ್ಟುಕೊಳ್ಳಿ, ಒಣ ನೆಲದಲ್ಲಿ ಇನ್ನೂ ಜಾಸ್ತಿಯೇ ಇರುತ್ತೆ. ಐದು ಆಂಪಿಯರ್ ಅದರಲ್ಲಿ ಇಳಿದರೆ ಪೈಪಿನ ಮೇಲೆ 75 ವೋಲ್ಟ್. ಮೋಟಾರು ಮೂಲುಗುತ್ತಿದ್ದದ್ದು ಅದಕ್ಕೇ, ಅದಕ್ಕೆ ಸಿಗಬೇಕಾದ ವೋಲ್ಟೇಜು ನೆಲ ತಿನ್ನುತ್ತಿತ್ತು. ಪೈಪಿನ ಸುತ್ತಲ ಮಣ್ಣಿನಲ್ಲೂ ಈ ವೋಲ್ಟೇಜು ಹರಡಿರುತ್ತೆ, ದೂರ ಹೋದಂತೆ ಕಡಿಮೆ ಆಗುತ್ತೆ. ನಾವು ಚಪ್ಪಲಿ ಹಾಕಿರ್ತೀವಿ, ಎರಡು ಕಾಲಿನ ನಡುವೆ ಎರಡಡಿ. ಹಸುವಿನ ಮುಂಗಾಲಿಗೂ ಹಿಂಗಾಲಿಗೂ ನಡುವೆ ನಾಲ್ಕೈದು ಅಡಿ, ಗೊರಸು ಒದ್ದೆ ನೆಲದ ಮೇಲೆ, ಮುಂಗಾಲಿನಿಂದ ಹಿಂಗಾಲಿಗೆ ಹರಿಯುವ ಕರೆಂಟು ಎದೆಯನ್ನು ದಾಟಿಯೇ ಹೋಗಬೇಕು. ನಮಗೆ ಜುಮ್ ಅನ್ನಿಸದ ಜಾಗದಲ್ಲಿ ದನ ಬೀಳುವುದು ಹೀಗೆ. ಹಸು ಒಂದು ಜಾಗಕ್ಕೆ ಕಾಲಿಡಲು ಹಟ ಮಾಡಿದರೆ, ತೊಟ್ಟಿಗೆ ಬಾಯಿ ಹಾಕಿ ಹಿಂದೆ ಸರಿದರೆ, ದೃಷ್ಟಿ ತೆಗೆಯುವ ಮುಂಚೆ ಟೆಸ್ಟರ್ ಹಿಡಿದವರನ್ನು ಕರೆಸಿ. ನಮ್ಮ ಹಸು ಒಂದು ವಾರದಿಂದ ಆ ಕಡೆ ಹೋಗಲು ಹಿಂದೇಟು ಹಾಕಿತ್ತಂತೆ, ಅಮ್ಮ ಆಮೇಲೆ ಹೇಳಿದರು.

ಇನ್ನೊಂದು ಮಾತು. ನೆಲಕ್ಕೆ ಇಳಿಸಿದರೆ ಯೂನಿಟ್ ಓಡಲ್ಲ ಅಂತ ಕೆಲವರು ನಂಬಿದ್ದಾರೆ. ತಿರುಗುವ ಚಕ್ರದ ಹಳೇ ಮೀಟರ್ ಕಾಲದ ನಂಬಿಕೆ ಅದು. ಈಗಿನದರಲ್ಲಿ ಹೋಗುವುದು ಬರುವುದು ಎರಡರಲ್ಲಿ ಯಾವುದು ಜಾಸ್ತಿಯೋ ಅದರ ಮೇಲೇ ಯೂನಿಟ್ ಬೀಳುತ್ತೆ. ಸಾಲದ್ದಕ್ಕೆ ವ್ಯತ್ಯಾಸ ಬಂದ ದಿನ, ಹೊತ್ತು ಮೀಟರ್ ಒಳಗೇ ದಾಖಲಾಗುತ್ತೆ. ತಪಾಸಣೆಗೆ ಬಂದವರ ಕಣ್ಣಿಗೆ ಅದು ಕಳ್ಳತನದ ಗುರುತಾಗಿಯೂ ಕಾಣಬಹುದು. ವಿದ್ಯುತ್ ಕಾಯ್ದೆ 2003ರ ಸೆಕ್ಷನ್ 135 ಅಂದರೆ ದಂಡ, ಜೈಲು ಎರಡೂ ಇರುವ ಸೆಕ್ಷನ್. ನಿಮ್ಮ ಮನೆಗೂ ಅಣ್ಣತಮ್ಮಂದಿರ ಮನೆಗೂ ಬೇರೆ ಬೇರೆ ಮೀಟರ್ ಇದ್ದು ನ್ಯೂಟ್ರಲ್ ಮಾತ್ರ ಎಲ್ಲೋ ಒಂದು ಕಡೆ ಸೇರಿದ್ದರೂ ಇದೇ ದೀಪ ಹತ್ತುತ್ತೆ. ಕೇಂದ್ರ ವಿದ್ಯುತ್ ಪ್ರಾಧಿಕಾರದ 2006ರ ಮೀಟರ್ ನಿಯಮದಲ್ಲಿ ಇದನ್ನು ಸ್ಪಷ್ಟವಾಗಿ ಬರೆದಿದ್ದಾರೆ: ಸಿಂಗಲ್ ಫೇಸ್ ಗ್ರಾಹಕರ ವೈರಿಂಗ್‌ನಲ್ಲಿ ಒಬ್ಬರ ನ್ಯೂಟ್ರಲ್ ಆಗಲಿ ಫೇಸ್ ಆಗಲಿ ಇನ್ನೊಬ್ಬರದ್ದಕ್ಕೆ ಕೂಡಬಾರದು. ಮನೆ ಪಾಲಾದಾಗ ಗೋಡೆ ಎಬ್ಬಿಸ್ತಾರೆ, ಮೀಟರ್ ಬೇರೆ ಮಾಡಿಸ್ತಾರೆ, ಒಳಗಿನ ವೈರು ಬಿಡಿಸೋದು ಯಾರಿಗೂ ನೆನಪಾಗಲ್ಲ.

ಆಮೇಲೆ ನಾನು ಪೂರ್ತಿ ವೈರಿಂಗ್ ಬಿಚ್ಚಿಸಿದೆ. ಈ ಸಲ ಲೈಸೆನ್ಸ್ ಇರುವ ಎಲೆಕ್ಟ್ರಿಕಲ್ ಕಂಟ್ರಾಕ್ಟರ್ ಕೈಯಲ್ಲೇ. ಹೊಸ ಸರ್ವಿಸ್ ಕೊಡುವಾಗ ಕಂಪನಿ ಕೇಳುವ ಕಂಪ್ಲೀಷನ್ ರಿಪೋರ್ಟ್‌ಗೆ ಸಹಿ ಹಾಕುವುದು ಅವರೇ. ಎಷ್ಟೋ ಕಡೆ ಕೆಲಸ ಒಬ್ಬರದ್ದು, ಸಹಿ ಇನ್ನೊಬ್ಬರದ್ದು. ಸಹಿ ಹಾಕುವವರನ್ನು ಒಂದು ಸಲವಾದರೂ ಮನೆಗೆ ಕರೆಸಿ, ಮೆಗ್ಗರ್ ಹಾಕಿಸಿ. 500 ವೋಲ್ಟ್‌ನ ಮೆಗ್ಗರ್‌ನಲ್ಲಿ ವೈರಿಗೂ ಅರ್ತಿಗೂ ನಡುವೆ ಕನಿಷ್ಠ 1 ಮೆಗಾ ಓಮ್ ತೋರಿಸಬೇಕು. ರೀಡಿಂಗ್ ಬಂದಾಗ ಮೊಬೈಲ್‌ನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ.

ನಮ್ಮ ಹಳೇ ಮೀಟರ್ ಗೊಬ್ಬರ ಇಡುವ ರೂಮಿನ ಒಳಗಿತ್ತು. ರಸಗೊಬ್ಬರದ ಗಾಳಿಗೆ ಸ್ಕ್ರೂ ಎಲ್ಲ ಹಸಿರುಗಟ್ಟಿತ್ತು, ರೂಮಿಗೆ ಬೀಗ ಹಾಕಿ ಸಂತೆಗೆ ಹೋದರೆ ರೀಡರ್‌ಗೆ ಕಾಣ್ತಿರಲಿಲ್ಲ. ಮೀಟರ್ ಇರಬೇಕಾದ್ದು ಮಳೆ, ಬಿಸಿಲು ಬೀಳದ, ಬೀಗ ತೆಗೆಯದೆ ಹೊರಗಿನಿಂದಲೇ ಓದಬಹುದಾದ ಜಾಗದಲ್ಲಿ, ಕಣ್ಣಿನ ಎತ್ತರಕ್ಕೆ. ಹುಲ್ಲಿನ ಮೆದೆ, ಗ್ಯಾಸ್ ಸಿಲಿಂಡರ್, ಡೀಸೆಲ್ ಕ್ಯಾನ್ ಹತ್ತಿರ ಬೇಡ. ಕೊಟ್ಟಿಗೆಯ ಗೋಡೆಯೂ ಬೇಡ, ಗಂಜಲದ ಆವಿ ಗೊಬ್ಬರಕ್ಕಿಂತ ಬೇಗ ತುಕ್ಕು ಹಿಡಿಸುತ್ತೆ. ಹಾಗಂತ ನಾವೇ ಬಿಚ್ಚಿ ಬೇರೆ ಗೋಡೆಗೆ ಹೊಡೆಯುವ ಹಾಗಿಲ್ಲ. ಸೀಲ್ ಮುಟ್ಟಿದರೆ ಮತ್ತೆ ಅದೇ 135. ಸೆಕ್ಷನ್ ಆಫೀಸಿಗೆ ಆರ್.ಆರ್. ನಂಬರ್ ಬರೆದು ಅರ್ಜಿ ಕೊಟ್ಟೆ, ಅವರೇ ಬಂದು ಜಗಲಿಗೆ ಬದಲಾಯಿಸಿ ಹೊಸ ಸೀಲ್ ಹಾಕಿದರು. ಇನ್ನೊಂದು ಎಚ್ಚರ: ಮೇನ್ ಸ್ವಿಚ್ ಆಫ್ ಮಾಡಿದರೂ ಮೀಟರ್‌ವರೆಗಿನ ವೈರಿನಲ್ಲಿ ಕರೆಂಟು ಇದ್ದೇ ಇರುತ್ತೆ.

ಕಂಬದಿಂದ ಬರುವ ಸರ್ವಿಸ್ ವೈರು ಮನೆಗೆ ಸೇರುವ ಕಡೆ ಪೈಪಿನ ಬಾಯಿ ಕೆಳಮುಖವಾಗಿ ಬಾಗಿರಬೇಕು, ಇಲ್ಲದಿದ್ದರೆ ಮಳೆ ನೀರು ವೈರು ಹಿಡಿದುಕೊಂಡು ನೇರ ಮೀಟರ್ ಒಳಗೆ ಇಳಿಯುತ್ತೆ. ಮನೆ ಕಟ್ಟುವ ಮುಂಚೆ ತಲೆ ಎತ್ತಿ ಒಮ್ಮೆ ನೋಡಿ. ಎಲ್.ಟಿ. ಲೈನು ತಾರಸಿಯಿಂದ 2.5 ಮೀಟರ್ ಮೇಲಿರಬೇಕು, ಗೋಡೆಯಿಂದ ಪಕ್ಕಕ್ಕೆ 1.2 ಮೀಟರ್ ದೂರ ಇರಬೇಕು.

ಮೀಟರ್ ಆದ ಮೇಲಿನದ್ದೆಲ್ಲ ನಮ್ಮ ಜವಾಬ್ದಾರಿ. ಮೇನ್ ಸ್ವಿಚ್ ಫೇಸ್, ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಕಡಿಯುವಂಥದ್ದು ಹಾಕಿಸಿ. ಫ್ಯೂಸು ಫೇಸ್‌ಗೆ ಮಾತ್ರ, ನ್ಯೂಟ್ರಲ್‌ಗೆ ಯಾವತ್ತೂ ಇಲ್ಲ. ನ್ಯೂಟ್ರಲ್ ಫ್ಯೂಸು ಹೋದರೆ ದೀಪ ಆರುತ್ತೆ, ಕರೆಂಟು ಹೋಯ್ತು ಅಂತ ನೀವು ಕೈ ಹಾಕ್ತೀರಿ, ಫೇಸ್ ಅಲ್ಲೇ ಕಾದಿರುತ್ತೆ. ಆಮೇಲೆ ಆರ್.ಸಿ.ಸಿ.ಬಿ., ಅದಾದ ಮೇಲೆ ಒಂದೊಂದು ಭಾಗಕ್ಕೆ ಒಂದೊಂದು ಎಂ.ಸಿ.ಬಿ. ಕೊಟ್ಟಿಗೆಗೆ ಈಗ ಮೂರು ಎಳೆಯ ಕೇಬಲ್ಲು, ನೆಲದೊಳಗೆ ಪೈಪಿನಲ್ಲಿ: ಕೆಂಪು ಫೇಸ್, ಕಪ್ಪು ನ್ಯೂಟ್ರಲ್, ಹಸಿರು ಅರ್ತ್. ಉಳಿದ ಕೆಂಪು ವೈರನ್ನೇ ಮೂರಕ್ಕೂ ಎಳೆಯಬೇಡಿ, ಐದು ವರ್ಷದ ನಂತರ ಬೋರ್ಡು ಬಿಚ್ಚುವವನಿಗೆ ಯಾವುದು ಯಾವುದಂತ ಗೊತ್ತಾಗಲ್ಲ.

ಅರ್ತಿಂಗ್ ಮಾತ್ರ ನಿಂತು ಮಾಡಿಸಿ. ಐ.ಎಸ್. 3043 ಪ್ರಕಾರ ಜಿ.ಐ. ಪೈಪು ಕನಿಷ್ಠ 2.5 ಮೀಟರ್ ಉದ್ದ ಇರಬೇಕು, ಕಟ್ಟಡದಿಂದ 1.5 ಮೀಟರ್ ಆಚೆ ಇರಬೇಕು. ನಾನು ಹೊಡೆದದ್ದು ನಾಲ್ಕಡಿ! ಈ ಗುಂಡಿಗೆ ಬೇಸಿಗೆಯಲ್ಲಿ ನೀರು ಹಾಕುವುದು ಒಳ್ಳೆಯದೇ. ವ್ಯತ್ಯಾಸ ಏನೆಂದರೆ, ಸರಿಯಾದ ಅರ್ತ್‌ನಲ್ಲಿ ದಿನನಿತ್ಯ ಕರೆಂಟು ಹರಿಯಲ್ಲ, ಎಲ್ಲಾದರೂ ಲೀಕ್ ಆದಾಗ ಮಾತ್ರ ಹರಿಯುತ್ತೆ. ಅರ್ತ್ ಇರುವುದು ಕಾವಲಿಗೆ, ಮೋಟಾರು ಓಡಿಸೋದಕ್ಕಲ್ಲ. ನೀರು ಹಾಕಿದ್ದಕ್ಕೆ ಬಲ್ಬು ಜೋರಾಯ್ತು ಅಂದರೆ ನಿಮ್ಮ ಮನೆಯಲ್ಲೂ ನನ್ನ ಕಥೆಯೇ ನಡೀತಿದೆ.

ಬೋರ್‌ವೆಲ್ ಸ್ಟಾರ್ಟರ್ ಡಬ್ಬದಿಂದ ಒಂದು ಫೇಸ್ ಎಳೆದು, ಕೇಸಿಂಗ್ ಪೈಪಿಗೆ ನ್ಯೂಟ್ರಲ್ ಸುತ್ತಿ ತೋಟದ ಮನೆಗೆ ದೀಪ ಹಾಕಿಕೊಂಡವರು ಬೇಕಾದಷ್ಟು ಜನ ಇದ್ದಾರೆ. ಅದೂ ಇದೇ ಅಪಾಯ. ಅದರಲ್ಲಿ ಕಾನೂನಿನ ತೊಡಕು ಬೇರೆ. 10 ಎಚ್.ಪಿ.ವರೆಗಿನ ಐ.ಪಿ. ಸೆಟ್‌ಗೆ ಉಚಿತ ಕರೆಂಟು ಕೊಡುವುದು ನೀರಾವರಿಗೆ. ಮನೆಗೆ ಬಳಸಿದರೆ ಸೆಕ್ಷನ್ 126ರಲ್ಲಿ ಅನಧಿಕೃತ ಬಳಕೆ. ದರ ಎರಡು ಪಟ್ಟು, ಯಾವಾಗಿನಿಂದ ಅಂತ ಗೊತ್ತಾಗದಿದ್ದರೆ ಹಿಂದಿನ ಹನ್ನೆರಡು ತಿಂಗಳಿಗೆ ಲೆಕ್ಕ ಕಟ್ಟುತ್ತಾರೆ.

ಮೀಟರ್ ಜಾಸ್ತಿ ಓಡ್ತಿದೆ ಅನ್ನೋರು ಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು. ಮೇನ್ ಸ್ವಿಚ್ ಆಫ್ ಮಾಡಿ, ಮಿಣುಕುವ ದೀಪ ನಿಲ್ಲಬೇಕು. ಆಮೇಲೆ ಮೀಟರ್ ಮೇಲೆ ಒಂದು ಯೂನಿಟ್‌ಗೆ ಎಷ್ಟು ಮಿಣುಕು ಅಂತ ಬರೆದಿರುವುದನ್ನು ನೋಡಿ. 3200 ಇದ್ದರೆ, ಉಳಿದದ್ದೆಲ್ಲ ಆಫ್ ಮಾಡಿ 1000 ವಾಟ್‌ನ ನೀರು ಕಾಯಿಸುವ ಕಾಯಿಲ್ ಒಂದನ್ನೇ ಮೂರು ನಿಮಿಷ ಹಾಕಿ, ಕಾಯಿಲ್ ನೀರಿನೊಳಗೇ ಇರಲಿ. ಸುಮಾರು 160 ಸಲ ಮಿಣುಕಬೇಕು. ಮೊಬೈಲ್‌ನಲ್ಲಿ ವಿಡಿಯೊ ಮಾಡಿಕೊಂಡು ನಿಧಾನಕ್ಕೆ ಎಣಿಸಿ. ವೋಲ್ಟೇಜು ಹೆಚ್ಚುಕಮ್ಮಿ ಇದ್ದರೆ ಎಣಿಕೆಯೂ ಸ್ವಲ್ಪ ಆಚೀಚೆ ಆಗುತ್ತೆ. ಆದರೆ ಇನ್ನೂರೈವತ್ತು ಮುನ್ನೂರು ಬಂದರೆ 1912ಕ್ಕೆ ದೂರು ಕೊಡಿ, ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ದೂರು ಕೊಟ್ಟ ಐದು ದಿನದಲ್ಲಿ ಪಕ್ಕದಲ್ಲೊಂದು ಚೆಕ್ ಮೀಟರ್ ಹಾಕಿ, ಕನಿಷ್ಠ ಮೂರು ತಿಂಗಳು ತಾಳೆ ನೋಡಬೇಕು ಅಂತ ಗ್ರಾಹಕರ ಹಕ್ಕುಗಳ ನಿಯಮದಲ್ಲಿ ಈಗ ಸೇರಿಸಿದ್ದಾರೆ.

ಪರಿಹಾರದ ವಿಷಯ ತುಂಬಾ ಜನ ಕೇಳ್ತಾರೆ. ಕಂಪನಿಯ ಲೈನು ಹರಿದೋ, ಕಂಬದಲ್ಲಿ ಕರೆಂಟು ಇಳಿದೋ ದನ ಸತ್ತರೆ ಕೇಳಬಹುದು. ಜಾಗ ಕದಲಿಸದೆ ಫೋಟೊ ತೆಗೆದು, 24 ಗಂಟೆಯೊಳಗೆ ಸೆಕ್ಷನ್ ಆಫೀಸಿಗೆ ತಿಳಿಸಿ, ಪಶುವೈದ್ಯರಿಂದ ಪೋಸ್ಟ್‌ಮಾರ್ಟಂ ಮಾಡಿಸಬೇಕು. ವಿದ್ಯುತ್ ಪರಿವೀಕ್ಷಕರು ಬಂದು ಎಲ್ಲಿಂದ ಕರೆಂಟು ಬಂತು ಅಂತ ವರದಿ ಕೊಡ್ತಾರೆ. ನನಗೇನೂ ಬರಲಿಲ್ಲ. ಮೀಟರ್‌ನಿಂದ ಈಚೆ ನಾನೇ ಎಳೆದ ವೈರು ಅಂತ ನಾನೇ ಹೇಳಿದೆ.

ಈಗ ಪ್ರತಿ ತಿಂಗಳು ಬಿಲ್ ಬಂದ ದಿನ ಆರ್.ಸಿ.ಸಿ.ಬಿ.ಯ ಟೆಸ್ಟ್ ಬಟನ್ ಒತ್ತಿ ನೋಡ್ತೀನಿ, ಬೀಳುತ್ತೆ. ಮೀಟರ್‌ನ ಕೆಂಪು ದೀಪ ಆರಿದೆ. ಕೊಟ್ಟಿಗೆಯ ಆ ನಾಲ್ಕಡಿ ಪೈಪನ್ನು ಕಿತ್ತು ಗುಜರಿಗೆ ಹಾಕಿದೆ. ಅಲ್ಲೇ ಬಿಟ್ಟಿದ್ದರೆ ಯಾವತ್ತೋ ಯಾರೋ ಮತ್ತೆ ಅದಕ್ಕೇ ವೈರು ಸುತ್ತುತ್ತಿದ್ದರು.