ಹೋಟೆಲ್ ಮೇಜಿನ ಮೇಲೆ ಕ್ಯೂಆರ್ ಮೆನು: ದುಡ್ಡು ಕೊಟ್ಟು ಮಾಡಿಸುವ ಮುನ್ನ ಇದನ್ನೊಮ್ಮೆ ಓದಿ

ಚಿಂತಾಮಣಿ: ಭಾನುವಾರ ಬಂತೆಂದರೆ ಅಂಬಾಜಿದುರ್ಗದ ಕೈಲಾಸಗಿರಿ ಗುಹೆ ನೋಡೋಕೆ, ಕೈವಾರಕ್ಕೆ, ಮುರುಗಮಲ್ಲ ದರ್ಗಾಕ್ಕೆ ಅಂತ ಹೊರಗಿನಿಂದ ಕಾರು, ಬೈಕುಗಳು ಬರುತ್ತವೆ. ಬೆಟ್ಟ ಹತ್ತಿ ಇಳಿದು ಹಸಿದವರು ರಸ್ತೆ ಬದಿಯ ಹೋಟೆಲಿನಲ್ಲಿ ಕೂತ ಕೂಡಲೇ ಕೇಳುವುದು, "ಊಟಕ್ಕೆ ಏನಿದೆ?" ಸಪ್ಲೈಯರ್ ಹುಡುಗ ಮುದ್ದೆ ಬಸ್ಸಾರು, ನಾಟಿ ಕೋಳಿ ಸಾರು, ಚಪಾತಿ, ಅನ್ನ ಸಾಂಬಾರು ಅಂತ ಒಂದೇ ಉಸಿರಿಗೆ ಹೇಳಿ ಮುಗಿಸುವಷ್ಟರಲ್ಲಿ ಮೊದಲು ಹೇಳಿದ್ದು ಮರೆತಿರುತ್ತೆ. ಆಮೇಲೆ "ರೇಟ್ ಎಷ್ಟು?" ಅಂತ ಇನ್ನೊಂದು ಸುತ್ತು.

ಇದಕ್ಕೆ ಪರಿಹಾರವಾಗಿ ಮೇಜಿನ ಮೇಲೆ ಕ್ಯೂಆರ್ ಕೋಡ್ ಅಂಟಿಸುವುದು ಬೆಂಗಳೂರಿನಲ್ಲಿ ಹಳೆಯ ಮಾತಾಯಿತು. ಗಿರಾಕಿ ಫೋನ್ ಹಿಡಿದರೆ ತಿಂಡಿ, ಊಟ, ರೇಟು ಎಲ್ಲಾ ಪರದೆ ಮೇಲೆ ಬರುತ್ತೆ. ತಾಲ್ಲೂಕು ಮಟ್ಟದ ಹೋಟೆಲುಗಳಿಗೂ "ಮಾಡಿಸಿಕೊಡ್ತೀವಿ ಸಾರ್, ವರ್ಷಕ್ಕೆ ಇಷ್ಟು ಕೊಡಿ" ಅಂತ ಬರುವವರಿದ್ದಾರೆ. ಹತ್ತಿಪ್ಪತ್ತು ಐಟಂ ಇರುವ ಸಾಧಾರಣ ಹೋಟೆಲಿಗೆ ಆ ವರ್ಷದ ಬಾಡಿಗೆ ಬೇಕಿಲ್ಲ. ಆದರೆ ಒಂದು ವಿಷಯ ಮಾತ್ರ ಗೊತ್ತಿರಲೇಬೇಕು. ಆ ಕಪ್ಪು ಬಿಳಿ ಚೌಕದೊಳಗೆ ಬರೆದಿರುವುದು ಯಾರ ವಿಳಾಸ, ನಿಮ್ಮದೋ, ಮಾಡಿಕೊಟ್ಟವನದೋ?

ಚೌಕದೊಳಗೆ ಇರುವುದೇನು?

ಕ್ಯೂಆರ್ ಕೋಡ್ ಹುಟ್ಟಿದ್ದು ಹೋಟೆಲಿಗೂ ಅಲ್ಲ, ದುಡ್ಡಿಗೂ ಅಲ್ಲ. 1994ರಲ್ಲಿ ಜಪಾನಿನ ಡೆನ್ಸೊ ವೇವ್ ಕಂಪನಿಯ ಮಸಾಹಿರೊ ಹಾರಾ ಮತ್ತವರ ತಂಡ ಕಾರಿನ ಬಿಡಿಭಾಗಗಳ ಲೆಕ್ಕ ಇಡಲು ಇದನ್ನು ಮಾಡಿತು. ಅಂಗಡಿ ಸಾಮಾನಿನ ಮೇಲಿರುವ ಉದ್ದ ಗೆರೆಗಳ ಬಾರ್‌ಕೋಡ್‌ನಲ್ಲಿ ಸುಮಾರು ಇಪ್ಪತ್ತು ಅಂಕಿ ಹಿಡಿಸಿದರೆ ಹೆಚ್ಚು. ಈ ಚೌಕದಲ್ಲಿ 7,089 ಅಂಕಿಗಳವರೆಗೆ ಹಿಡಿಸುತ್ತದೆ. ಪೇಟೆಂಟ್ ಇದ್ದರೂ ಕಂಪನಿ ಯಾರಿಂದಲೂ ಬಾಡಿಗೆ ಕೇಳದೆ ಎಲ್ಲರಿಗೂ ಬಳಸಲು ಬಿಟ್ಟಿತು. ಹಾಗಾಗಿ ಕೋಡ್ ಮಾಡಿಕೊಳ್ಳುವುದಕ್ಕೆ ಯಾರಿಗೂ ಕಾಸು ಕೊಡಬೇಕಿಲ್ಲ. ದುಡ್ಡು ಕೇಳುವವರು ಅದರ ಹಿಂದಿನ ಸೇವೆಗೆ ಕೇಳುತ್ತಾರೆ, ಆ ಸೇವೆ ನಿಮಗೆ ಬೇಕೋ ಬೇಡವೋ ಅನ್ನುವುದು ಬೇರೆ ಮಾತು.

ನಮ್ಮಲ್ಲಿ ಇದು ಊಟದ ಮೇಜಿಗೆ ಬಂದದ್ದು ಕೊರೊನಾ ಕಾಲದಲ್ಲಿ. 2020ರ ಜೂನ್‌ನಲ್ಲಿ ಹೋಟೆಲುಗಳು ಮತ್ತೆ ಬಾಗಿಲು ತೆರೆಯುವಾಗ ಕೇಂದ್ರ ಆರೋಗ್ಯ ಸಚಿವಾಲಯ ಕೊಟ್ಟ ಸೂಚನೆಯಲ್ಲಿ, ಒಮ್ಮೆ ಬಳಸಿ ಬಿಸಾಡುವ ಮೆನು ಇಡಿ, ಮುಟ್ಟದೆ ಆರ್ಡರ್ ತೆಗೆದುಕೊಳ್ಳುವ ವ್ಯವಸ್ಥೆಗೆ ಒತ್ತು ಕೊಡಿ ಎಂದಿತ್ತು. ಕೊರೊನಾ ಹೋಯಿತು, ಕೋಡ್ ಉಳಿಯಿತು.

ಮೆನು ಕೋಡ್‌ನಲ್ಲಿ ಮೆನು ಇರುವುದಿಲ್ಲ, ಇರುವುದು ಒಂದು ವೆಬ್ ವಿಳಾಸ ಅಷ್ಟೇ. "ಕೈವಾರ ಕ್ರಾಸಿನಲ್ಲಿ ಇಳಿದು ಎಡಕ್ಕೆ ಬನ್ನಿ" ಅಂತ ಬರೆದ ಚೀಟಿ ಇದ್ದಂತೆ. ಚೀಟಿ ನೋಡಿ ಫೋನ್ ಆ ಜಾಗಕ್ಕೆ ಹೋಗುತ್ತೆ, ಅಲ್ಲಿರುವ ಮೆನು ತೋರಿಸುತ್ತೆ.

ಮೋಸ ಹೋಗುವುದು ಇಲ್ಲೇ. ಕೋಡ್‌ನಲ್ಲಿ ಎರಡು ಬಗೆ ಇವೆ. ಒಂದರಲ್ಲಿ ನಿಮ್ಮ ಮೆನು ಪುಟದ ವಿಳಾಸವೇ ನೇರವಾಗಿ ಬರೆದಿರುತ್ತೆ. ಇದನ್ನು ಸ್ಟ್ಯಾಟಿಕ್ ಎನ್ನುತ್ತಾರೆ. ಇದಕ್ಕೆ ಅವಧಿ ಅನ್ನುವುದೇ ಇಲ್ಲ. ಪುಟ ಇರುವವರೆಗೆ ಕೋಡ್ ನಡೆಯುತ್ತೆ. ಇನ್ನೊಂದು ಡೈನಾಮಿಕ್. ಅದರಲ್ಲಿ ಇರುವುದು ಕೋಡ್ ಮಾಡಿಕೊಟ್ಟ ವೆಬ್‌ಸೈಟಿನ ವಿಳಾಸ. ಗಿರಾಕಿಯ ಫೋನ್ ಮೊದಲು ಅವರ ಮನೆಗೆ ಹೋಗಿ, ಅವರು ದಾರಿ ತೋರಿಸಿದರೆ ನಿಮ್ಮ ಮೆನುಗೆ ಬರುತ್ತೆ. ಅವರು ಬಾಗಿಲು ಹಾಕಿದರೆ ಮುಗಿಯಿತು.

ಉದಾಹರಣೆಗೆ, ಒಬ್ಬ ಹೋಟೆಲ್ ಮಾಲೀಕರು "ಉಚಿತ ಕ್ಯೂಆರ್" ಅಂತ ಹುಡುಕಿ ಮೊದಲು ಕಂಡ ವೆಬ್‌ಸೈಟಿನಲ್ಲಿ ಕೋಡ್ ಮಾಡಿಕೊಂಡರು, ಇಪ್ಪತ್ತು ಮೇಜಿಗೆ ಅಕ್ರಿಲಿಕ್ ಸ್ಟ್ಯಾಂಡ್ ಮಾಡಿಸಿದರು ಎಂದುಕೊಳ್ಳಿ. ಉಚಿತ ಇದ್ದದ್ದು ಟ್ರಯಲ್ ದಿನಗಳಿಗೆ ಮಾತ್ರ. ಅದು ಮುಗಿದ ಮೇಲೆ ಸ್ಕ್ಯಾನ್ ಮಾಡಿದವರಿಗೆಲ್ಲಾ "ಈ ಕೋಡ್ ನಿಷ್ಕ್ರಿಯವಾಗಿದೆ" ಅಂತ ಬರುತ್ತೆ. ಈಗ ವರ್ಷದ ಹಣ ಕಟ್ಟಬೇಕು, ಇಲ್ಲವೇ ಇಪ್ಪತ್ತು ಸ್ಟ್ಯಾಂಡನ್ನೂ ಮತ್ತೆ ಪ್ರಿಂಟ್ ಮಾಡಿಸಬೇಕು. ಅದೂ ಸಾಮಾನ್ಯವಾಗಿ ಗೊತ್ತಾಗುವುದು ಜನ ತುಂಬಿರುವ ಭಾನುವಾರ ಮಧ್ಯಾಹ್ನವೇ!

ಗುರುತು ಹಿಡಿಯುವುದು ಸುಲಭ. ಪ್ರಿಂಟ್‌ಗೆ ಕೊಡುವ ಮುನ್ನ ಕೋಡನ್ನು ಫೋನ್ ಕ್ಯಾಮೆರಾದಿಂದ ನೋಡಿ. ತೆರೆಯುವ ಮೊದಲು ಪರದೆಯಲ್ಲಿ ವಿಳಾಸ ಕಾಣುತ್ತೆ. ಅದು ನೀವು ಮಾಡಿದ ಪುಟದ ವಿಳಾಸವೇ ಆಗಿದ್ದರೆ ಸರಿ. ಗುರುತಿಲ್ಲದ ಬೇರಾವುದೋ ಚಿಕ್ಕ ವಿಳಾಸ ಇದ್ದರೆ ಕೀಲಿ ಅವರ ಕೈಯಲ್ಲಿದೆ ಅಂತ ಅರ್ಥ. ಡೈನಾಮಿಕ್ ಕೋಡ್ ಕೆಟ್ಟದ್ದೇನಲ್ಲ, ಎಷ್ಟು ಜನ ಸ್ಕ್ಯಾನ್ ಮಾಡಿದರು ಎಂಬ ಲೆಕ್ಕ ಕೊಡುತ್ತೆ. ಹತ್ತು ಮೇಜಿನ ಹೋಟೆಲಿಗೆ ಆ ಲೆಕ್ಕ ಕಟ್ಟಿಕೊಂಡು ಆಗಬೇಕಾದ್ದೇನಿಲ್ಲ.

ನೀವೇ ಮಾಡಿಕೊಳ್ಳುವುದು ಹೇಗೆ?

ಮೊದಲು ಪುಟ ಬೇಕು. ಜಿಮೇಲ್ ಖಾತೆ ಇದ್ದವರಿಗೆ ಗೂಗಲ್ ಸೈಟ್ಸ್ ಉಚಿತ. ಕಂಪ್ಯೂಟರ್‌ನಲ್ಲಿ ತೆರೆದು ಖಾಲಿ ಪುಟ ತೆಗೆದುಕೊಂಡು, ಮೇಲೆ ಹೋಟೆಲ್ ಹೆಸರು, ಕೆಳಗೆ ಐಟಂ ಮತ್ತು ರೇಟು ಬರೆದು "ಪಬ್ಲಿಷ್" ಒತ್ತಿದರೆ ಆಯಿತು. ವಿಳಾಸದ ಕೊನೆಯ ಭಾಗ ಏನಿರಬೇಕು ಅಂತ ಅದೇ ಕೇಳುತ್ತೆ, ಹೋಟೆಲಿನ ಹೆಸರು ಕೊಡಿ. ಮುಂದೆ ರೇಟು ಬದಲಿಸಿದಾಗ ವಿಳಾಸ ಬದಲಾಗುವುದಿಲ್ಲ, ಮೇಜಿನ ಕೋಡ್ ಹಾಗೇ ಇರುತ್ತೆ. ಆದರೆ ತಿದ್ದಿದ ಮೇಲೆ ಪ್ರತಿ ಸಲವೂ "ಪಬ್ಲಿಷ್" ಒತ್ತಬೇಕು. ಇಲ್ಲದಿದ್ದರೆ ಗಿರಾಕಿಗೆ ಹಳೇ ರೇಟೇ ಕಾಣುತ್ತಿರುತ್ತೆ.

ಕಂಪ್ಯೂಟರ್ ಇಲ್ಲ, ಫೋನ್ ಒಂದೇ ಅನ್ನುವವರು ಗೂಗಲ್ ಡಾಕ್ಸ್‌ನಲ್ಲಿ ಮೆನು ಬರೆದು ಅದರ ಲಿಂಕ್ ಬಳಸಬಹುದು. ಫೋನಿನಲ್ಲೇ ತಿದ್ದಬಹುದು, ತಿದ್ದಿದ್ದು ಆಗಲೇ ಕಾಣುತ್ತೆ. ಇಲ್ಲಿ ಎರಡು ಎಚ್ಚರ. ಶೇರ್ ಮಾಡುವಾಗ "ಲಿಂಕ್ ಇರುವ ಯಾರಾದರೂ" ಅಂತ ಆಯ್ಕೆ ಮಾಡದಿದ್ದರೆ ಗಿರಾಕಿಗೆ ಮೆನು ಬದಲು "ಅನುಮತಿ ಕೇಳಿ" ಅಂತ ಬರುತ್ತೆ. ಇನ್ನೊಂದು, ಅವರನ್ನು "ವ್ಯೂವರ್" ಅಂತಲೇ ಇಡಿ. ಅಪ್ಪಿತಪ್ಪಿ "ಎಡಿಟರ್" ಅಂತ ಇಟ್ಟರೆ ಯಾವನೋ ತುಂಟ ಕಾಲು ಸೂಪಿನ ರೇಟನ್ನು 5 ರೂಪಾಯಿ ಮಾಡಿ ಹೋಗಬಹುದು!

ಪುಟ ಸಿದ್ಧವಾದ ಮೇಲೆ ಆಂಡ್ರಾಯ್ಡ್ ಫೋನಿನ ಕ್ರೋಮ್‌ನಲ್ಲಿ ತೆರೆದು ಶೇರ್ ಒತ್ತಿದರೆ ಕ್ಯೂಆರ್ ಕೋಡ್ ಎಂಬ ಆಯ್ಕೆ ಸಿಗುತ್ತೆ. ಅಲ್ಲಿಂದ ಚಿತ್ರ ಇಳಿಸಿಕೊಳ್ಳಿ. ಮಧ್ಯದಲ್ಲಿ ಪುಟ್ಟ ಡೈನೋಸಾರ್ ಇರುತ್ತೆ, ಗಾಬರಿ ಬೇಡ, ಕ್ರೋಮ್‌ನ ಗುರುತು ಅದು. ಇದು ನೇರ ಕೋಡ್, ಟ್ರಯಲ್ ಗಿಯಲ್ ಏನೂ ಇಲ್ಲ.

ಸೈಬರ್ ಸೆಂಟರಿನಲ್ಲೋ ಡಿಟಿಪಿ ಅಂಗಡಿಯಲ್ಲೋ ಮಾಡಿಸುವವರಿಗೆ ಒಂದು ಮಾತು. ನಿಮ್ಮ ಜಿಮೇಲ್‌ನಲ್ಲೇ ಮಾಡಿಸಿ. "ನನ್ನ ಐಡಿನಲ್ಲೇ ಮಾಡ್ಕೊಡ್ತೀನಿ ಅಣ್ಣ" ಅಂದರೆ ಬೇಡ ಅನ್ನಿ. ಆ ಹುಡುಗ ಕೆಲಸ ಬಿಟ್ಟು ಹೋದರೆ ನಿಮ್ಮ ಮೆನು ತಿದ್ದುವವರು ಯಾರೂ ಇರುವುದಿಲ್ಲ. ಕೆಲಸ ಮುಗಿದ ಮೇಲೆ ಅಲ್ಲಿಂದ ಲಾಗ್ ಔಟ್ ಆಗುವುದನ್ನು ಮರೆಯಬೇಡಿ. ಎರಡು ವರ್ಷ ಬಳಸದೆ ಬಿಟ್ಟ ಖಾತೆಯನ್ನು ಗೂಗಲ್ ಅಳಿಸಿಹಾಕಬಹುದು. ಹೋಟೆಲಿಗೆಂದೇ ಹೊಸ ಖಾತೆ ಮಾಡಿ ಮರೆತುಬಿಡುವವರು ಇದನ್ನು ನೆನಪಿಡಿ.

ನುಡಿಯಲ್ಲಿ ಟೈಪ್ ಮಾಡಿದರೆ ಕಷ್ಟ

ನಮ್ಮ ಕಡೆಯ ಡಿಟಿಪಿ ಕೇಂದ್ರಗಳಲ್ಲಿ ಈಗಲೂ ನುಡಿ, ಬರಹದ ಹಳೇ ಅಕ್ಷರಗಳಲ್ಲಿ ಮದುವೆ ಪತ್ರಿಕೆ, ಪಾಂಪ್ಲೆಟ್ ಟೈಪ್ ಮಾಡುವವರಿದ್ದಾರೆ. ಕಾಗದದ ಮೇಲೆ ಚೆಂದ ಬರುತ್ತೆ. ಅದನ್ನೇ ಕಾಪಿ ಮಾಡಿ ವೆಬ್ ಪುಟಕ್ಕೆ ಅಂಟಿಸಿದರೆ "ಮುದ್ದೆ" ಹೋಗಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಬರುತ್ತೆ. ಮೆನುವನ್ನು ಯೂನಿಕೋಡ್‌ನಲ್ಲೇ ಟೈಪ್ ಮಾಡಿಸಿ. ಫೋನಿನ ಜಿಬೋರ್ಡ್‌ನಲ್ಲಿ ಕನ್ನಡ ಒತ್ತಿದರೆ ಬರುವುದು ಯೂನಿಕೋಡೇ, ಅಲ್ಲಿ ತೊಂದರೆ ಇಲ್ಲ.

ಮೊದಲು ಕನ್ನಡ, ಪಕ್ಕದಲ್ಲಿ ಇಂಗ್ಲಿಷ್ ಇರಲಿ. ಮದನಪಲ್ಲಿ ಕಡೆಯಿಂದ ಬರುವವರಿಗೆ ಬೇಕಾದರೆ ತೆಲುಗು ಸೇರಿಸಿ, ಕಾಗದದಂತೆ ಇಲ್ಲಿ ಜಾಗದ ಕೊರತೆ ಇಲ್ಲ. ಹಿತಕಿದ ಬೇಳೆ ಸಾರು, ಉಪ್ಪು ಸಾರು, ಮಸ್ಸೊಪ್ಪು ಅಂದರೆ ಏನು ಅಂತ ಹೊರಗಿನವರಿಗೆ ಒಂದು ಸಾಲು ಬರೆದರೆ ಅದೇ ಮಾರಾಟ ಮಾಡುತ್ತೆ. ಆದರೆ ಫೋಟೋ ಜಾಸ್ತಿ ತುಂಬಬೇಡಿ. ಬೆಟ್ಟದ ಬುಡದಲ್ಲಿ ಸಿಗ್ನಲ್ ಒಂದೇ ಕಡ್ಡಿ ಇದ್ದಾಗ ಹತ್ತು ಫೋಟೋ ಇರುವ ಪುಟ ತೆರೆಯುವಷ್ಟರಲ್ಲಿ ಗಿರಾಕಿ ಎದ್ದು ಪಕ್ಕದ ಹೋಟೆಲಿಗೆ ಹೋಗಿರುತ್ತಾನೆ.

ಈ ಮೆನುವಿನ ನಿಜವಾದ ಲಾಭ ರೇಟು ಬದಲಾಗುವಾಗ. ಟೊಮೆಟೊ ಮಾರುಕಟ್ಟೆ ಪಕ್ಕದಲ್ಲೇ ಇರುವ ನಮಗೆ ಅದನ್ನು ಯಾರೂ ಹೇಳಿಕೊಡಬೇಕಿಲ್ಲ. 2023ರ ಜುಲೈನಲ್ಲಿ ಟೊಮೆಟೊ ಕಿಲೋಗೆ 100 ರೂಪಾಯಿ ದಾಟಿದಾಗ ಅಚ್ಚಾಗಿದ್ದ ಮೆನು ಕಾರ್ಡ್ ಮೇಲೆ ಸ್ಟಿಕ್ಕರ್ ಅಂಟಿಸಿದವರಿಗೆ ಗೊತ್ತು ಆ ಕಷ್ಟ. ಅವರೆಕಾಯಿ ಕಾಲದಲ್ಲಿ ನಾಲ್ಕು ಐಟಂ ಹೆಚ್ಚುತ್ತೆ, ಸೀಸನ್ ಮುಗಿದರೆ ತೆಗೆಯಬೇಕು. ಆದರೆ ಗೋಡೆ ಬೋರ್ಡಿನಲ್ಲಿ 60, ಫೋನಿನಲ್ಲಿ 70 ಅಂತಿದ್ದರೆ ಬಿಲ್ ಕೊಡುವಾಗ ಜಗಳ ಗ್ಯಾರಂಟಿ. ಎರಡನ್ನೂ ಒಂದೇ ದಿನ ತಿದ್ದಿ.

ಪ್ರಿಂಟ್ ಹಾಕಿಸುವಾಗ

ಮೇಜಿನ ಮೇಲಿನ ಕೋಡ್ ಕನಿಷ್ಠ ಮೂರು ಸೆಂಟಿಮೀಟರ್ ಇರಲಿ. ಎಷ್ಟು ದೂರದಿಂದ ಸ್ಕ್ಯಾನ್ ಮಾಡುತ್ತಾರೋ ಅದರ ಹತ್ತನೇ ಒಂದು ಭಾಗ ಅಂತ ಲೆಕ್ಕ ಇಟ್ಟುಕೊಳ್ಳಬಹುದು. ಬಿಳಿ ಮೇಲೆ ಕಪ್ಪು, ಸುತ್ತ ಸ್ವಲ್ಪ ಖಾಲಿ ಜಾಗ. ಹೊಳೆಯುವ ಲ್ಯಾಮಿನೇಷನ್ ಟ್ಯೂಬ್‌ಲೈಟ್ ಕೆಳಗೆ ಮಿನುಗಿ ತೊಂದರೆ ಕೊಡುತ್ತೆ, ಮ್ಯಾಟ್ ಒಳ್ಳೆಯದು. ಸಾಂಬಾರಿನ ಕಲೆಗೆ ಹೆದರಬೇಡಿ. ಕೋಡ್ ಹೇಗೆ ಮಾಡಿದ್ದಾರೆ ಅನ್ನುವುದರ ಮೇಲೆ ಶೇಕಡಾ 7ರಿಂದ 30ರಷ್ಟು ಭಾಗ ಹಾಳಾದರೂ ಅದು ಓದಿಸಿಕೊಳ್ಳುತ್ತೆ. ಮೂಲೆಯ ಮೂರು ದೊಡ್ಡ ಚೌಕಗಳು ಮಾತ್ರ ಸರಿಯಾಗಿರಬೇಕು.

ಎಲ್ಲಾ ಅಚ್ಚು ಹಾಕಿಸುವ ಮುನ್ನ ಒಂದೇ ಒಂದು ಹಾಳೆ ತೆಗೆಸಿ, ಬೇರೆಯವರ ಫೋನಿನಲ್ಲಿ, ಅದೂ ಮೊಬೈಲ್ ಡೇಟಾದಲ್ಲಿ ನೋಡಿ. ನಿಮ್ಮ ಫೋನಿನಲ್ಲಿ ನಿಮ್ಮದೇ ಜಿಮೇಲ್ ಇರುವುದರಿಂದ ಅನುಮತಿ ತಪ್ಪಿದ್ದರೂ ಮೆನು ತೆರೆಯುತ್ತೆ, ತಪ್ಪು ಗೊತ್ತೇ ಆಗುವುದಿಲ್ಲ. ಹಳೇ ಫೋನ್ ಇರುವ ಅಡುಗೆಯವರನ್ನೋ ಸಪ್ಲೈಯರನ್ನೋ ಕರೆದು ಅವರಿಂದಲೇ ಸ್ಕ್ಯಾನ್ ಮಾಡಿಸಿ.

ದುಡ್ಡಿನ ಕೋಡೇ ಬೇರೆ, ಮೆನು ಕೋಡೇ ಬೇರೆ

ನಮ್ಮ ಜನಕ್ಕೆ ಕ್ಯೂಆರ್ ಅಂದರೆ ಫೋನ್‌ಪೇ, ಗೂಗಲ್‌ಪೇ. ಮೆನು ಕೋಡನ್ನು ಆ ಆ್ಯಪ್‌ನಲ್ಲಿ ಹಿಡಿದರೆ ಸಾಮಾನ್ಯವಾಗಿ ಮೆನು ತೆರೆಯುವುದಿಲ್ಲ. ಫೋನ್ ಕ್ಯಾಮೆರಾ ಅಥವಾ ಗೂಗಲ್ ಲೆನ್ಸ್ ಬಳಸಬೇಕು. ಅದಕ್ಕೇ ಒಂದರ ಮೇಲೆ "ಊಟದ ಪಟ್ಟಿ, ಕ್ಯಾಮೆರಾದಲ್ಲಿ ನೋಡಿ" ಅಂತ, ಇನ್ನೊಂದರ ಮೇಲೆ "ಹಣ ಕೊಡಲು" ಅಂತ ದಪ್ಪ ಅಕ್ಷರದಲ್ಲಿ ಬರೆಸಿ. ಮೆನು ಕೋಡ್ ಮೇಜಿನ ಮೇಲಿರಲಿ, ದುಡ್ಡಿನದು ಗಲ್ಲಾ ಹತ್ತಿರವೇ ಇರಲಿ.

2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ವಹಿವಾಟಿನ ಲೆಕ್ಕ ಹಿಡಿದು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಾಗ ರಾಜ್ಯದಲ್ಲಿ ಎಷ್ಟೋ ಅಂಗಡಿಯವರು ಕೋಡನ್ನೇ ಕಿತ್ತು ಹಾಕಿದ್ದರು. ಆ ಭಯ ಮೆನು ಕೋಡಿಗೆ ಬೇಕಿಲ್ಲ. ಅದರಲ್ಲಿ ದುಡ್ಡೂ ಹೋಗುವುದಿಲ್ಲ, ಬ್ಯಾಂಕ್ ಖಾತೆಯೂ ಇರುವುದಿಲ್ಲ.

ಭಯ ಪಡಬೇಕಾದ್ದು ಬೇರೆ ಇದೆ. 2025ರ ಜನವರಿಯಲ್ಲಿ ಮಧ್ಯಪ್ರದೇಶದ ಖಜುರಾಹೊದಲ್ಲಿ ಕಳ್ಳರು ರಾತ್ರೋರಾತ್ರಿ ಅಂಗಡಿಗಳ ಹೊರಗಿದ್ದ ಪಾವತಿ ಕೋಡ್‌ಗಳ ಮೇಲೆ ತಮ್ಮ ಕೋಡ್ ಅಂಟಿಸಿ ಹೋಗಿದ್ದರು. ಗಿರಾಕಿಗಳು ಕೊಟ್ಟ ಹಣ ಕಳ್ಳರ ಖಾತೆಗೆ ಹೋಯಿತು. ಮೆನು ಕೋಡ್ ಮೇಲೂ ಹೀಗೆ ಅಂಟಿಸಿ, ಮೋಸದ ಪುಟಕ್ಕೆ ಕರೆದೊಯ್ಯಬಹುದು. ಬೆಳಗ್ಗೆ ಮೇಜು ಒರೆಸುವಾಗ ಸ್ಟಿಕ್ಕರ್ ಮೇಲೆ ಸ್ಟಿಕ್ಕರ್ ಇದೆಯಾ ಅಂತ ಉಗುರಿನಲ್ಲಿ ಕೆರೆದು ನೋಡಿ. ಗಿರಾಕಿಗಳೂ ಅಷ್ಟೇ, ಮೆನು ನೋಡೋಕೆ ಪಿನ್ ಬೇಕಿಲ್ಲ, ಒಟಿಪಿ ಬೇಕಿಲ್ಲ, ಆ್ಯಪ್ ಇಳಿಸಬೇಕಿಲ್ಲ. ಅವುಗಳಲ್ಲಿ ಒಂದನ್ನು ಕೇಳಿದರೂ ಅಲ್ಲೇ ಮುಚ್ಚಿ, ಗಲ್ಲಾದಲ್ಲಿ ಕೂತವರಿಗೆ ತಿಳಿಸಿ.

ಕೆಲವು ರೆಡಿಮೇಡ್ ಮೆನುಗಳು ಮೊಬೈಲ್ ನಂಬರ್ ಕೊಟ್ಟರೆ ಮಾತ್ರ ಮುಂದೆ ಬಿಡುತ್ತವೆ. ಗಿರಾಕಿಯ ನಂಬರ್ ಕೊಡಲೇಬೇಕೆಂದು ಒತ್ತಾಯ ಮಾಡಬೇಡಿ ಅಂತ 2023ರಲ್ಲೇ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ ಅಂಗಡಿಗಳಿಗೆ ಸೂಚಿಸಿದೆ. ಒಂದು ಪ್ಲೇಟ್ ಇಡ್ಲಿಗೆ ಫೋನ್ ನಂಬರ್ ಯಾಕೆ ಸ್ವಾಮಿ?

ಗೋಡೆ ಮೇಲಿನ ಬೋರ್ಡ್ ಮಾತ್ರ ಕೀಳಬೇಡಿ. ಸಂತೆಗೆ ಬಂದ ಅಜ್ಜನ ಕೈಯಲ್ಲಿ ಕೀಪ್ಯಾಡ್ ಫೋನ್ ಇರುತ್ತೆ, ಮಾರುಕಟ್ಟೆಗೆ ಲೋಡ್ ತಂದ ಡ್ರೈವರ್ ಫೋನ್ ಬ್ಯಾಟರಿ ಸತ್ತಿರುತ್ತೆ. ಅವರಿಗೆ "ಸ್ಕ್ಯಾನ್ ಮಾಡಿ" ಅಂದರೆ ಎದ್ದು ಹೋಗುತ್ತಾರೆ, ಮತ್ತೆ ಬರುವುದೂ ಇಲ್ಲ. ಕಣ್ಣು ಮಂಜಾದವರಿಗೆ ಸಪ್ಲೈಯರ್ ಬಾಯಿಯೇ ಒಳ್ಳೆಯ ಮೆನು.

ಈಗಾಗಲೇ ಟ್ರಯಲ್ ಕೋಡ್ ಹಾಕಿಸಿ ಸಿಕ್ಕಿಕೊಂಡವರು ಸ್ಟ್ಯಾಂಡ್ ಬಿಸಾಡಬೇಕಿಲ್ಲ. ಪುಟ ನಿಮ್ಮದೇ ಆಗಿದ್ದರೆ ಅದರ ನೇರ ವಿಳಾಸಕ್ಕೆ ಹೊಸ ಕೋಡ್ ಮಾಡಿ, ಒಂದು ಎ4 ಸ್ಟಿಕ್ಕರ್ ಹಾಳೆಯಲ್ಲಿ ಹನ್ನೆರಡು ಬರುವಂತೆ ಪ್ರಿಂಟ್ ತೆಗೆಸಿ ಹಳೆಯದರ ಮೇಲೆ ಪೂರ್ತಿ ಮುಚ್ಚುವಂತೆ ಅಂಟಿಸಿ. ಮೆನುವೇ ಅವರ ವೆಬ್‌ಸೈಟಿನಲ್ಲಿದ್ದರೆ ಟ್ರಯಲ್ ಮುಗಿಯುವ ಮುನ್ನ ಐಟಂ, ರೇಟುಗಳನ್ನು ಕಾಪಿ ಮಾಡಿಟ್ಟುಕೊಳ್ಳಿ.